ನಿವೃತ್ತ ರಾಜಧಾನಿಯ ನೆರಳಿನಲ್ಲಿ

ನಿವೃತ್ತಿ ಎಂಬುದಕ್ಕೆ ನಮ್ಮ ಹಿರಿಯರು ಒಂದು ಆಶ್ರಮವನ್ನೇ ಕಲ್ಪಿಸಿದ್ದರು. ನಾವಾದರೋ ಅದನ್ನು ತಿಂಗಳ ಪೆನ್ಶನ್ನು ಮತ್ತು ಊರ ಹೊರಗಿನ ಬಡಾವಣೆಯಲ್ಲೊಂದು ಮನೆ ಎಂದು ಅರ್ಥ ಮಾಡಿಕೊಂಡಿದ್ದೇವೆ. ಅಧ್ಯಾಪಕ ವೃತ್ತಿ ಮುಗಿದ ಮೇಲೆ ನಾನು ನೆಲೆಸಿರುವುದು ಸವದತ್ತಿಯ ಅಂಥದೊಂದು ಬಡಾವಣೆಯಲ್ಲಿ.

ಈ ಊರು ತಾನೂ ನಿವೃತ್ತವಾದದ್ದೇ. ಶಾಸನಗಳು ಇದನ್ನು ಸುಗಂಧವರ್ತಿ ಎನ್ನುತ್ತವೆ. ಕೂಂಡಿ ಮೂರು ಸಾವಿರ ನಾಡನ್ನಾಳಿದ ರಟ್ಟರಿಗೆ ಇದು ರಾಜಧಾನಿ. ಶಾಂತಿವರ್ಮನು ಇಲ್ಲಿ ಬಸದಿಯನ್ನು ಕಟ್ಟಿಸಿ ಅದಕ್ಕೆ ಭೂಮಿ ಬಿಟ್ಟುದನ್ನು 980ರ ಶಾಸನ ಹೇಳುತ್ತದೆ. ಹದಿಮೂರನೆಯ ಶತಮಾನದ ಆರಂಭಕ್ಕೆ ಅರಮನೆ ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ, ಹೊರಟುಹೋಯಿತು. ಕೆಲವೇ ದಶಕಗಳಲ್ಲಿ ಸೇವುಣರ ಕೈಯಲ್ಲಿ ರಟ್ಟರ ಆಳಿಕೆಯೂ ಮುಗಿಯಿತು. ಊರು ಮಾತ್ರ ಉಳಿಯಿತು.

ಹಾಗೆ ಉಳಿಸಿದ್ದರಲ್ಲಿ ಎಲ್ಲಮ್ಮನ ಗುಡ್ಡದ ಪಾಲು ದೊಡ್ಡದೆಂದು ನನ್ನ ಎಣಿಕೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಕರ್ನಾಟಕ, ಮಹಾರಾಷ್ಟ್ರಗಳ ಲಕ್ಷಾಂತರ ಜನ ಭಂಡಾರ ಹಚ್ಚಿಕೊಂಡು, ಉಧೋ ಎನ್ನುತ್ತ ಬರುತ್ತಾರೆ. ಸಿಂಹಾಸನವಿಲ್ಲದ ಊರಿಗೆ ಜಾತ್ರೆಯೇ ಒಡ್ಡೋಲಗ.

ಆದರೆ ಜಾತ್ರೆ ಕರಗಿದ ಮೇಲೂ ಗುಡ್ಡದಲ್ಲಿ ಕೆಲವರು ಉಳಿಯುತ್ತಾರೆ. ಎಳವೆಯಲ್ಲಿ ಮುತ್ತು ಕಟ್ಟಿಸಿಕೊಂಡು, ಈಗ ಪಡ್ಡಲಿಗೆ ಹಿಡಿದು ಕುಳಿತ ಮುದುಕಿಯರು ಅವರು. ದೇವದಾಸಿಯರಾಗಿ ಅರ್ಪಿಸುವುದನ್ನು ನಿಷೇಧಿಸಿದ ಕರ್ನಾಟಕದ ಕಾನೂನು 1982ರದು. ಅದಕ್ಕೆ ಮೊದಲೇ ಅರ್ಪಿತರಾದವರ ಮುಪ್ಪನ್ನು ಕಾನೂನು ಹಿಂದಕ್ಕೆ ಕೊಂಡೊಯ್ಯಲಾರದು. ಸರ್ಕಾರ ಮಾಜಿ ದೇವದಾಸಿಯರಿಗೆ ಮಾಸಾಶನ ಕೊಡುತ್ತದೆ. ಅದು ಬಂದದ್ದು ಬಹಳ ತಡವಾಗಿ.

ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ ದೊಡ್ಡ ಇಗರ್ಜಿಯೊಂದಿದೆ. ಅಲ್ಲಿನ ಬಿಷಪ್ ಹೆನ್ರಿಯು 1130ರ ದಶಕದಲ್ಲಿ ಊರ ಅಂಚಿನಲ್ಲಿ 13 ಮಂದಿ ನಿರ್ಗತಿಕರಿಗಾಗಿ ಸೇಂಟ್ ಕ್ರಾಸ್ ಎಂಬ ಧರ್ಮಶಾಲೆಯನ್ನು ಸ್ಥಾಪಿಸಿದನು. ಇಂದಿಗೂ ವೃದ್ಧರು ಅಲ್ಲಿ ನೆಮ್ಮದಿಯಿಂದ ವಾಸಿಸುತ್ತಾರೆ. ದೇವರ ನೆರಳಿನಲ್ಲಿ ಮುಪ್ಪು ಕಳೆಯುವ ಆಸೆ ಎಲ್ಲ ನಾಡುಗಳದು. ಅದಕ್ಕೊಂದು ದತ್ತಿ ಬೇಕೆಂಬ ವಿವೇಕ ಕೆಲವೆಡೆಯದು.

ಆ ವಿವೇಕ ನಮಗೆ ಹೊಸದೇನಲ್ಲ. ನಮ್ಮ ದಾನಶಾಸನಗಳ ಕೊನೆಗೆ, ದತ್ತಿಯನ್ನು ಕಾದವನಿಗೆ ಪುಣ್ಯ, ಅಳಿದವನಿಗೆ ಪಾಪ ಎಂಬ ಮಾತು ಸಾಮಾನ್ಯ. ಅರಸು ಅಳಿದ ಮೇಲೂ ಅನ್ನ ನಡೆಯಬೇಕೆಂಬುದು ಅದರ ತಾತ್ಪರ್ಯ. ನನ್ನ ಪೆನ್ಶನ್ನೂ ಒಂದು ದತ್ತಿಯೇ. ಮೂವತ್ತು ವರ್ಷ ಪಾಠ ಹೇಳಿದ್ದಕ್ಕೆ ಅದು ನನಗೆ ಸಂದಿತು. ಬಾಳನ್ನೇ ಗುಡ್ಡಕ್ಕೆ ಕೊಟ್ಟವರ ದತ್ತಿಯನ್ನು ನಾವು ಯಾವ ಕಲ್ಲಿನ ಮೇಲೂ ಬರೆಯಲಿಲ್ಲ. ಸವದತ್ತಿಯ ಚರಿತ್ರೆಯನ್ನು ಓದುವವರು 980ರ ಶಾಸನದೊಡನೆ ಈ ಬರೆಯದ ಶಾಸನವನ್ನೂ ಓದಬೇಕು.