ಪುಣಜನೂರು ರಸ್ತೆ ಪ್ರಯಾಣಿಕರೇ ಗಮನಿಸಿ: ಗಾಡಿಯ ರೋಲ್‌ಗೆ ಕೊಡೋ ದುಡ್ಡು ಸರಿನಾ? ತಿಳ್ಕೊಳ್ಳೋದು ಹೇಗೆ?

ಚಾಮರಾಜನಗರ: ಸತ್ಯಮಂಗಲ, ಕೊಯಮತ್ತೂರು ಕಡೆ ಹೊರಟವರಿಗೆ ಪುಣಜನೂರು ಚೆಕ್‌ಪೋಸ್ಟ್ ಅಂದ್ರೆ ಕಾಡಿನ ಬಾಗಿಲು. ಅಲ್ಲಿಂದ ಮುಂದೆ ಬಿಆರ್‌ಟಿ ಹುಲಿ ಸಂರಕ್ಷಿತ ಪ್ರದೇಶ, ಆಮೇಲೆ ತಮಿಳುನಾಡಿನ ಹಾಸನೂರು, ಅದಾದ ಮೇಲೆ 27 ತಿರುವುಗಳ ದಿಂಬಂ ಘಾಟಿ. ನಡುವೆ ಹೊಟ್ಟೆ ಹಸಿದರೆ ಕಾಡಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ. ಹಾಗಾಗಿ ಊರು ಬಿಡುವ ಮುನ್ನವೇ ಏನಾದರೂ ಕಟ್ಟಿಸಿಕೊಂಡು ಹೊರಡೋರು ಹೆಚ್ಚು. ಹಿಂದೆ ಇಡ್ಲಿ, ಚಿತ್ರಾನ್ನ, ಪರೋಟದ ಪಾರ್ಸೆಲ್ ಇರುತ್ತಿತ್ತು. ಈಗ ಆ ಜಾಗಕ್ಕೆ ರೋಲ್ ಬಂದಿದೆ. ಚಪಾತಿಯಲ್ಲೋ ಪರೋಟದಲ್ಲೋ ಪಲ್ಯ, ಪನೀರ್, ಮೊಟ್ಟೆ, ಕೋಳಿ ಇಟ್ಟು ಸುತ್ತಿ ಕೊಡುವ ತಿಂಡಿ ಇದು. ಒಂದು ಕೈಯಲ್ಲಿ ಹಿಡಿದು ತಿನ್ನಬಹುದು, ತಟ್ಟೆ ಬೇಡ, ಕೈ ತೊಳೆಯೋ ಗೋಜಿಲ್ಲ.

ಆದರೆ ಈ ರೋಲ್ ಬಗ್ಗೆ ಜನರ ಮಾತು ಒಂದೇ ತೆರನಾಗಿಲ್ಲ. 'ಚೆನ್ನಾಗಿದೆ, ಆದ್ರೆ ರೇಟ್ ಜಾಸ್ತಿ' ಅನ್ನೋರಿದ್ದಾರೆ. 'ಇಷ್ಟು ಕೊಟ್ರೂ ಹೊಟ್ಟೆ ತುಂಬಲ್ಲ' ಅನ್ನೋರೂ ಇದ್ದಾರೆ. ದೋಸೆ, ಅನ್ನ ತಟ್ಟೆಯಲ್ಲಿ ಕಣ್ಣಿಗೆ ಕಾಣುತ್ತವೆ. ರೋಲ್ ಹಾಗಲ್ಲ, ಒಳಗೆ ಏನಿದೆ, ಎಷ್ಟಿದೆ ಅನ್ನೋದು ತಿಂದಾಗಲೇ ಗೊತ್ತಾಗೋದು. ಹಾಗಾಗಿ ದುಡ್ಡು ಕೊಡುವ ಮುನ್ನ ಗ್ರಾಹಕರು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ರೋಲ್ ಎಲ್ಲಿಂದ ಬಂತು?

ಸುತ್ತಿದ ರೊಟ್ಟಿ ನಮಗೆ ಹೊಸದಲ್ಲ. ಹೊಲಕ್ಕೆ ಹೋಗುವವರು ರಾಗಿ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸವರಿ ಮಡಚಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಇಂದು ಅಂಗಡಿಯಲ್ಲಿ ಸಿಗುವ ರೋಲ್ ಮಾತ್ರ ಉತ್ತರದ ನಗರಗಳಿಂದ ಬಂದದ್ದು. ಕೋಲ್ಕತ್ತಾದ ನಿಜಾಮ್ಸ್ ಹೋಟೆಲಿನ ಕಾಠಿ ರೋಲ್ ಇದರಲ್ಲಿ ಹೆಸರುವಾಸಿ. ಪರೋಟದೊಳಗೆ ಕಬಾಬ್ ಇಟ್ಟು ಕಾಗದ ಸುತ್ತಿ ಕೊಡುವ ರೂಢಿ ಅಲ್ಲಿಂದ ಹಬ್ಬಿತು. ಮುಂಬೈನಲ್ಲಿ 'ಫ್ರ್ಯಾಂಕಿ' ಬಂತು. ಅರಬ್ ನಾಡಿನ ಶವರ್ಮ ಕೇರಳದ ದಾರಿಯಲ್ಲಿ ನಮ್ಮ ಗಡಿ ಊರುಗಳಿಗೂ ಕಾಲಿಟ್ಟಿತು. ಬೆಂಗಳೂರು, ಮೈಸೂರಿನಲ್ಲಿ ಕಲಿತು ಬಂದ ಹುಡುಗರು ಇದನ್ನೇ ಗಾಡಿಗೆ ಹಾಕಿಕೊಂಡು ಸಣ್ಣ ಊರುಗಳಿಗೂ ತಂದಿದ್ದಾರೆ.

ಗ್ರಾಹಕರ ಮೂರು ತಕರಾರು

ಯಾವ ಊರಿನ ಗಾಡಿ ಮುಂದೆ ನಿಂತರೂ ರೋಲ್ ಬಗ್ಗೆ ಕೇಳಿಬರುವ ಮಾತುಗಳು ಹೆಚ್ಚು ಕಡಿಮೆ ಮೂರೇ.

ಮೊದಲನೆಯದು ಬೆಲೆ. 'ಈ ದುಡ್ಡಿಗೆ ಮೆಸ್‌ನಲ್ಲಿ ಮುದ್ದೆ ಊಟನೇ ಬತ್ತದೆ' ಅನ್ನೋದು. ಈ ಹೋಲಿಕೆ ತಪ್ಪಲ್ಲ, ಆದರೆ ಪೂರ್ತಿ ಸರಿಯೂ ಅಲ್ಲ. ಊಟಕ್ಕೆ ಕೂತು ತಿನ್ನಬೇಕು, ಅಷ್ಟು ಹೊತ್ತು ಬೇಕು. ರೋಲ್ ಕೊಳ್ಳುವವರು ಸಮಯ ಉಳಿಸಲು ದುಡ್ಡು ಕೊಡುತ್ತಾರೆ.

ಎರಡನೆಯದು ಗಾತ್ರ. ಬೋರ್ಡಿನ ಚಿತ್ರದಲ್ಲಿ ಮೊಣಕೈ ಉದ್ದ ಕಾಣುವ ರೋಲ್ ಕೈಗೆ ಬಂದಾಗ ಅಂಗೈಯಷ್ಟಿರುತ್ತದೆ. ಮೇಲೆ ಎಲೆಕೋಸು, ಈರುಳ್ಳಿ ತುಂಬಿ, ಪನೀರ್ ನಾಲ್ಕೇ ತುಂಡು ಇದ್ದರೆ ಗ್ರಾಹಕರಿಗೆ ಮೋಸ ಹೋದ ಭಾವನೆ.

ಮೂರನೆಯದು ಶುಚಿ. ದುಡ್ಡು ಮುಟ್ಟಿದ ಕೈಯಲ್ಲೇ ರೊಟ್ಟಿ ಮುಟ್ಟೋದು, ಬೆಳಗ್ಗೆ ಹೆಚ್ಚಿದ ಈರುಳ್ಳಿಯನ್ನ ರಾತ್ರಿವರೆಗೂ ಇಡೋದು, ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯೋದು. ಇದರ ಬಗ್ಗೆ ಗೊಣಗುವವರು ಬಹಳ, ಬಾಯಿಬಿಟ್ಟು ಕೇಳುವವರು ಕಡಿಮೆ.

ಅದೇ ಗ್ರಾಹಕರು ಕಣ್ಣೆದುರೇ ಬಿಸಿ ಬಿಸಿ ಮಾಡಿ ಕೊಟ್ಟರೆ ಹತ್ತು ರೂಪಾಯಿ ಹೆಚ್ಚಾದರೂ ಮಾತಾಡದೆ ಕೊಡುತ್ತಾರೆ ಅನ್ನೋದೂ ನಿಜ.

ಗಾಡಿಯವರ ಲೆಕ್ಕ ಏನು?

ಹೋಟೆಲಿಗಿಂತ ಗಾಡಿಗೆ ಬಾಡಿಗೆ ಕಡಿಮೆ, ಆದ್ದರಿಂದ ತಿಂಡಿ ಅಗ್ಗ ಇರಬೇಕು ಅನ್ನೋದು ಸಾಮಾನ್ಯ ನಂಬಿಕೆ. ಆದರೆ ಗಾಡಿಗೂ ಖರ್ಚಿದೆ. ವಾಹನದ ಸಾಲದ ಕಂತು, ಡೀಸೆಲ್, ಗ್ಯಾಸ್, ಕುಡಿಯುವ ನೀರು, ಒಬ್ಬರೋ ಇಬ್ಬರೋ ಸಹಾಯಕರ ಕೂಲಿ ಎಲ್ಲ ಸೇರುತ್ತವೆ. ವ್ಯಾಪಾರಕ್ಕೆ ಬಳಸಬೇಕಾದ್ದು 19 ಕೆ.ಜಿ. ವಾಣಿಜ್ಯ ಸಿಲಿಂಡರ್. ಮನೆ ಬಳಕೆಯ 14.2 ಕೆ.ಜಿ. ಸಿಲಿಂಡರ್ ಇಡುವುದು ಕಾನೂನುಬಾಹಿರ. ವಾಣಿಜ್ಯ ಸಿಲಿಂಡರ್ ದರ ಆಗಾಗ ಏರಿಳಿಯುತ್ತದೆ, ಆದರೆ ಬೋರ್ಡಿನ ಬೆಲೆಯನ್ನು ಅಷ್ಟು ಬೇಗ ಬದಲಿಸೋಕಾಗಲ್ಲ.

ಇನ್ನೊಂದು, ಉಳಿದ ಸರಕು. ಚಪಾತಿ ಹಿಟ್ಟು, ಹೆಚ್ಚಿದ ತರಕಾರಿ, ಮಸಾಲೆಯಲ್ಲಿ ನೆನೆಸಿದ ಕೋಳಿ ಮಾರನೇ ದಿನಕ್ಕೆ ಬರಲ್ಲ. ಮಳೆ ಬಂದು ವ್ಯಾಪಾರ ಕೆಟ್ಟ ದಿನದ ನಷ್ಟ ಮಿಕ್ಕ ದಿನಗಳ ಬೆಲೆಯಲ್ಲೇ ಸೇರಿರುತ್ತದೆ. ಉಳಿದದ್ದನ್ನು ಎಸೆಯುವ ಗಾಡಿಯ ಬೆಲೆ ತುಸು ಹೆಚ್ಚೇ ಇರುತ್ತದೆ. ತೀರಾ ಅಗ್ಗ ಕಂಡರೆ ಉಳಿದದ್ದು ಎಲ್ಲಿ ಹೋಗುತ್ತೆ ಅಂತ ಕೇಳಿಕೊಳ್ಳಬೇಕು.

ತೂಕ ಹಾಕಿ ನೋಡಿ

ಎರಡು ಗಾಡಿಗಳ ಬೆಲೆ ಹೋಲಿಸಲು ಸುಲಭ ದಾರಿ ಅಂದ್ರೆ ತೂಕ. ಉದಾಹರಣೆಗೆ, ಒಂದು ಕಡೆ 60 ರೂ.ಗೆ 150 ಗ್ರಾಂ ರೋಲ್, ಇನ್ನೊಂದು ಕಡೆ 80 ರೂ.ಗೆ 250 ಗ್ರಾಂ ರೋಲ್ ಅಂದುಕೊಳ್ಳಿ. ನೋಡೋಕೆ ಮೊದಲನೆಯದು ಅಗ್ಗ. ಆದರೆ 100 ಗ್ರಾಂಗೆ ಲೆಕ್ಕ ಹಾಕಿದರೆ ಮೊದಲನೆಯದಕ್ಕೆ 40 ರೂ., ಎರಡನೆಯದಕ್ಕೆ 32 ರೂ. ಬೀಳುತ್ತದೆ. ಇನ್ನು ತೂಕದಲ್ಲಿ ರೊಟ್ಟಿ ಎಷ್ಟು, ಹೂರಣ ಎಷ್ಟು ಅನ್ನೋದೂ ಮುಖ್ಯ. 'ಡಬಲ್ ಪನೀರ್', 'ಜಂಬೋ' ಅಂತ ಬರೆದಿದ್ದರೆ ಮಾಮೂಲಿ ರೋಲ್‌ಗಿಂತ ಎಷ್ಟು ಹೆಚ್ಚು ಅಂತ ಕೇಳುವುದು ಗ್ರಾಹಕರ ಹಕ್ಕು.

ಬಿಲ್, ಜಿಎಸ್‌ಟಿ ವಿಚಾರ

ಬಿಸಿಯಾಗಿ ಮಾಡಿಕೊಡುವ ರೋಲ್‌ಗೆ ಎಂಆರ್‌ಪಿ ಇರಲ್ಲ, ಬೆಲೆ ಗಾಡಿಯವರದ್ದೇ. ಆದರೆ ಜೊತೆಗೆ ಕೊಳ್ಳುವ ನೀರಿನ ಬಾಟಲಿ, ತಂಪು ಪಾನೀಯಕ್ಕೆ ಎಂಆರ್‌ಪಿಗಿಂತ ಹೆಚ್ಚು ಕೇಳುವ ಹಾಗಿಲ್ಲ.

ಜಿಎಸ್‌ಟಿ ನೋಂದಣಿ ಇಲ್ಲದವರು ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿ ಇರುವವರೂ ಬಿಲ್‌ನಲ್ಲಿ ಪ್ರತ್ಯೇಕವಾಗಿ ತೆರಿಗೆ ಹಾಕುವಂತಿಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಾಗ ಹಲವು ಕಡೆ ಸ್ಕ್ಯಾನರ್ ತೆಗೆದು 'ನಗದು ಮಾತ್ರ' ಬೋರ್ಡ್ ಬಿದ್ದಿತ್ತು. ಗಾಡಿ ಹತ್ತಿರ ಹೋಗುವಾಗ ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳೋದು ಇಂದಿಗೂ ಒಳ್ಳೇದು.

ಪ್ಯಾಕೆಟ್ ಪರೋಟದ ಕತೆಯೂ ಇದೆ. 2020ರಲ್ಲಿ ಬೆಂಗಳೂರಿನ ಕಂಪನಿಯೊಂದರ ಅರ್ಜಿಯಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 'ಪರೋಟ ಬೇರೆ, ರೊಟ್ಟಿ ಬೇರೆ' ಅಂತ ಹೇಳಿ ಪರೋಟಕ್ಕೆ ಶೇ 18 ತೆರಿಗೆ ಅಂದಿತ್ತು. ಆಗ ದೇಶದ ತುಂಬ ಅದೇ ಚರ್ಚೆ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿ, ಪರೋಟ ಎಲ್ಲಕ್ಕೂ ತೆರಿಗೆ ಸೊನ್ನೆ. ರೆಡಿಮೇಡ್ ಪರೋಟ ತಂದು ಬಿಸಿ ಮಾಡಿ ರೋಲ್ ಸುತ್ತುವ ಗಾಡಿಗಳಿಗೆ ಇದರಿಂದ ಖರ್ಚು ಇಳಿದಿದೆ. ಅದು ಬೋರ್ಡಿನ ಬೆಲೆಯಲ್ಲಿ ಕಾಣುತ್ತಿದೆಯೇ ಅಂತ ಗ್ರಾಹಕರು ಕೇಳಬಹುದು.

ಕೇಳಿದರೂ ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೂರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಒಳಗೆ ಏನಿದೆ? ಬೆಲೆಗಿಂತ ಇದೇ ಮುಖ್ಯ

ರೋಲ್ ಹೂರಣ ಕಡು ಕೆಂಪಾಗಿದ್ದರೆ ಒಂದು ಸಲ ಯೋಚಿಸಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಕೆ ನಿಷೇಧಿಸಿತು. ಆಗ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತ್ತು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ಕೃತಕ ಬಣ್ಣ ಹಾಕುವಂತಿಲ್ಲ ಎಂಬ ಆದೇಶ ಬಂತು. ಮೀರಿದರೆ ಜೈಲು, ದಂಡ ವಿಧಿಸಲು ಅವಕಾಶವಿದೆ. ಗೋಬಿ ರೋಲ್, ಕಬಾಬ್ ರೋಲ್ ತಿನ್ನುವವರಿಗೆ ಇದು ನೇರವಾಗಿ ಸಂಬಂಧಿಸಿದ್ದು. ಬ್ಯಾಡಗಿ ಮೆಣಸಿನಕಾಯಿಯಿಂದಲೂ ಕೆಂಪು ಬರುತ್ತದೆ.

ಎರಡನೆಯದು ಮಯೋನೈಸ್. ಹಸಿ ಮೊಟ್ಟೆಯಿಂದ ಮಾಡಿದ ಮಯೋನೈಸ್ ಹೊರಗಿಟ್ಟರೆ ಬೇಗ ಕೆಡುತ್ತದೆ. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಶವರ್ಮ ತಿಂದ ವಿದ್ಯಾರ್ಥಿನಿಯೊಬ್ಬಳು ಮೃತಪಟ್ಟು, ಹಲವರು ಆಸ್ಪತ್ರೆ ಸೇರಿದ್ದರು. ಅದರ ಮರುವರ್ಷ ಕೇರಳ ಹಸಿ ಮೊಟ್ಟೆಯ ಮಯೋನೈಸ್ ನಿಷೇಧಿಸಿ, ಪಾರ್ಸೆಲ್ ಮೇಲೆ ತಯಾರಿಸಿದ ಸಮಯದ ಚೀಟಿ ಅಂಟಿಸುವುದನ್ನು ಕಡ್ಡಾಯ ಮಾಡಿತು. ಪುಣಜನೂರಿನಿಂದ ಆಚೆಯ ತಮಿಳುನಾಡು ಕೂಡ 2025ರ ಏಪ್ರಿಲ್ 8ರಿಂದ ಒಂದು ವರ್ಷದ ಅವಧಿಗೆ ಹಸಿ ಮೊಟ್ಟೆಯ ಮಯೋನೈಸ್ ನಿಷೇಧಿಸಿತು. ಗಡಿಯ ಈಚೆ ರೋಲ್ ಕಟ್ಟಿಸಿಕೊಂಡು ಘಾಟಿ ಇಳಿದ ಮೇಲೆ ತಿನ್ನುವವರು ಇದನ್ನ ಮರೆಯಬಾರದು. ಬೇಸಿಗೆಯ ಕಾರಿನೊಳಗೆ ಎರಡು ಗಂಟೆ ಇಟ್ಟ ಮಯೋನೈಸ್ ರೋಲ್ ತಿನ್ನೋದಕ್ಕಿಂತ ಎಸೆಯೋದೇ ಮೇಲು. ಚಟ್ನಿಪುಡಿ, ಒಣ ಪಲ್ಯದ ರೋಲ್ ದಾರಿಗೆ ಒಳ್ಳೇದು.

ಮೂರನೆಯದು ಸುತ್ತುವ ಕಾಗದ. ಬಿಸಿ ತಿಂಡಿಯನ್ನು ದಿನಪತ್ರಿಕೆಯಲ್ಲಿ ಸುತ್ತಿದರೆ ಶಾಯಿ ಆಹಾರಕ್ಕೆ ಇಳಿಯುತ್ತದೆ. 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳು ಇದನ್ನು ನಿಷೇಧಿಸಿವೆ.

ರೊಟ್ಟಿ ಗಾಡಿಯೂ ಗೆಲ್ಲುತ್ತೆ: ಮಂಗಳೂರಿನ ಉದಾಹರಣೆ

ಮೈದಾ ಪರೋಟ ಇಲ್ಲದೆ ಗಾಡಿ ನಡೆಯಲ್ಲ ಅನ್ನೋರಿಗೆ ಮಂಗಳೂರಿನ 'ಹಳ್ಳಿ ಮನೆ ರೊಟ್ಟೀಸ್' ಉತ್ತರ. ಹಾಸನ ಮೂಲದ ಶಿಲ್ಪಾ ಅವರು 2015ರಲ್ಲಿ ಕೂಡಿಟ್ಟ ದುಡ್ಡು ಹಾಕಿ ಬೊಲೆರೊ ಪಿಕಪ್ ವಾಹನವನ್ನೇ ಅಡುಗೆಮನೆ ಮಾಡಿಕೊಂಡು ರೊಟ್ಟಿ ಊಟ ಮಾರಲು ಶುರು ಮಾಡಿದರು. ಕರಾವಳಿ ನಗರದಲ್ಲಿ ಜೋಳದ ರೊಟ್ಟಿ, ರಾಗಿ ರೊಟ್ಟಿ ಹುಡುಕುತ್ತಿದ್ದವರಿಗೆ ಅದು ಮನೆಯೂಟವಾಯಿತು. 2017ರ ಜನವರಿಯಲ್ಲಿ ಅವರ ಕತೆ ಓದಿದ ಉದ್ಯಮಿ ಆನಂದ್ ಮಹೀಂದ್ರ ಎರಡನೇ ಗಾಡಿಗೆ ನೆರವಾಗುವುದಾಗಿ ಟ್ವೀಟ್ ಮಾಡಿದಾಗ ಗಾಡಿ ದೇಶದಾದ್ಯಂತ ಸುದ್ದಿಯಾಯಿತು.

ನಮ್ಮ ಜಿಲ್ಲೆ ರಾಗಿಯ ನಾಡು. ಗುಂಡ್ಲುಪೇಟೆ ಕಡೆ ಹೂವಿನ ಹೊಲ ನೋಡಲು, ಗೋಪಾಲಸ್ವಾಮಿ ಬೆಟ್ಟಕ್ಕೆ, ಊಟಿಗೆ, ವಯನಾಡಿಗೆ ಹೋಗುವ ಪ್ರವಾಸಿಗರಿಗೂ ಬಿಸಿ ರಾಗಿ ರೊಟ್ಟಿ, ಅವರೆಕಾಳು ಪಲ್ಯ ಸುತ್ತಿ ಕೊಟ್ಟರೆ ಬೇಡ ಅನ್ನುವವರು ಕಡಿಮೆ. ದೂರದಿಂದ ಬಂದವರಿಗೆ ಅದು ಪನೀರ್ ರೋಲ್‌ಗಿಂತ ಹೊಸ ರುಚಿ.

ಗಾಡಿ ಇಡೋರಿಗೆ ಏನು ಬೇಕು?

ಆಹಾರ ಮಾರುವ ಯಾರೇ ಆಗಲಿ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಅಥವಾ ಪರವಾನಗಿ ಪಡೆಯಬೇಕು. 2011ರ ನಿಯಮಗಳಲ್ಲಿ ವರ್ಷಕ್ಕೆ 12 ಲಕ್ಷ ರೂ.ವರೆಗೆ ವಹಿವಾಟು ಇರುವ ಸಣ್ಣ ವ್ಯಾಪಾರಿಗಳಿಗೆ ವರ್ಷಕ್ಕೆ 100 ರೂ. ಶುಲ್ಕದ ನೋಂದಣಿ ಸಾಕು ಎಂದಿತ್ತು. 14 ಅಂಕಿಯ ಆ ಸಂಖ್ಯೆ ಗಾಡಿ ಮೇಲೆ ಕಾಣಬೇಕು. ಚಾಮರಾಜನಗರ ನಗರಸಭೆ, ಗುಂಡ್ಲುಪೇಟೆ ಪುರಸಭೆ ವ್ಯಾಪ್ತಿಯಲ್ಲಾದರೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಗುರುತಿನ ಚೀಟಿಗೆ ಅರ್ಜಿ ಹಾಕಬಹುದು. ಪಿಎಂ ಸ್ವನಿಧಿ ಯೋಜನೆಯಲ್ಲಿ ಮೊದಲ ಕಂತಿಗೆ 15 ಸಾವಿರ, ನಂತರ 25 ಸಾವಿರ, 50 ಸಾವಿರ ರೂ. ಸಾಲ ಸಿಗುತ್ತದೆ. ಪುಣಜನೂರಿನಂಥ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಮೊದಲು ಪಂಚಾಯಿತಿಯಲ್ಲಿ ವಿಚಾರಿಸಬೇಕು. ಹೆದ್ದಾರಿ ಜಾಗ, ಅರಣ್ಯ ಜಾಗದಲ್ಲಿ ಗಾಡಿ ನಿಲ್ಲಿಸಿದರೆ ಆಯಾ ಇಲಾಖೆ ಎಬ್ಬಿಸಬಹುದು.

ಕಾಡು ದಾಟುವ ಮುನ್ನವೇ ತಿಂದು ಮುಗಿಸಿ

ಚಾಮರಾಜನಗರ–ಸತ್ಯಮಂಗಲ ರಾಷ್ಟ್ರೀಯ ಹೆದ್ದಾರಿ 948 ಆನೆಗಳ ಓಡಾಟದ ದಾರಿ. ಕಬ್ಬಿನ ಲಾರಿ ತಡೆದು ಕಬ್ಬು ಕೀಳುವ ಆನೆಗಳು ಇಲ್ಲಿ ಎಲ್ಲರಿಗೂ ಗೊತ್ತು. ರಸ್ತೆಯಲ್ಲಿ ತಿಂಡಿ ಸಿಗುತ್ತೆ ಅಂತ ಒಮ್ಮೆ ರೂಢಿಯಾದ ಪ್ರಾಣಿ ಮತ್ತೆ ಮತ್ತೆ ಬರುತ್ತದೆ. ಕಿಟಕಿಯಿಂದ ಎಸೆದ ಅರ್ಧ ರೋಲ್, ಎಣ್ಣೆ ಹತ್ತಿದ ಕಾಗದ, ಸಾಸ್ ಪೊಟ್ಟಣದ ವಾಸನೆಗೆ ಕೋತಿ, ಹಂದಿ, ಜಿಂಕೆ ರಸ್ತೆಗೆ ಬರುತ್ತವೆ. ವಾಹನಕ್ಕೆ ಸಿಕ್ಕಿ ಸಾಯೋದು ಅವೇ. ಪ್ಲಾಸ್ಟಿಕ್ ಹೊಟ್ಟೆಗೆ ಹೋದರೆ ನರಳಿ ಸಾಯುತ್ತವೆ.

ಸಮಯದ ಲೆಕ್ಕವೂ ಇದೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರುವರಿ 10ರಿಂದ ತಮಿಳುನಾಡು ಕಡೆಯ ಬಣ್ಣಾರಿ–ಕಾರಪಳ್ಳಂ ನಡುವೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಜಾರಿಗೆ ಬಂತು. ಗುಂಡ್ಲುಪೇಟೆ ಕಡೆಯ ಬಂಡೀಪುರ ರಸ್ತೆಗಳಲ್ಲಿ 2009ರಿಂದಲೇ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ನಿರ್ಬಂಧವಿದೆ. ಗೇಟ್ ಮುಚ್ಚುವ ಮುನ್ನ ದಾಟಬೇಕು ಅನ್ನೋ ಅವಸರದಲ್ಲೇ ಜನ ಓಡಿಸುತ್ತಾ ತಿನ್ನೋದು, ಹೊರಗೆ ಎಸೆಯೋದು. ಹತ್ತು ನಿಮಿಷ ಮುಂಚೆ ಹೊರಟು, ಊರಲ್ಲೇ ಗಾಡಿ ಪಕ್ಕ ನಿಂತು ತಿಂದು, ಕಾಗದವನ್ನು ಅಲ್ಲಿನ ಬುಟ್ಟಿಗೇ ಹಾಕಿ ಹೋದರೆ ರೋಲ್ ಬಿಸಿಯಾಗಿಯೂ ಸಿಗುತ್ತದೆ, ಕಾಡೂ ಚೊಕ್ಕವಾಗಿರುತ್ತದೆ.

ನೆನಪಿಡಿ

* ಬೆಲೆ ಬೋರ್ಡ್ ಇರುವ ಗಾಡಿಯಲ್ಲೇ ಕೊಳ್ಳಿ. ಇಲ್ಲದಿದ್ದರೆ ಮೊದಲೇ ಕೇಳಿ.
* ಕಣ್ಣೆದುರೇ ಮಾಡಿಸಿ, ಸುತ್ತುವ ಮುನ್ನ ಹೂರಣ ನೋಡಿ.
* ಕಡು ಕೆಂಪು ಬಣ್ಣ, ಹೊರಗಿಟ್ಟ ಮಯೋನೈಸ್ ಬೇಡ.
* ದಿನಪತ್ರಿಕೆಯಲ್ಲಿ ಸುತ್ತಿದರೆ ಬೇಡ ಅನ್ನಿ.
* ಪಾರ್ಸೆಲ್ ಆದರೆ ಎರಡು ಗಂಟೆಯೊಳಗೆ ತಿನ್ನಿ.
* ಪುಣಜನೂರು ಚೆಕ್‌ಪೋಸ್ಟ್ ದಾಟಿದ ಮೇಲೆ ಕಿಟಕಿಯಿಂದ ಏನನ್ನೂ ಎಸೆಯಬೇಡಿ.