ಲಾ ಫೋಲಿಯ ಕೆಸರು ಮತ್ತು ನಾಂತೇರ್ ವಿಶ್ವವಿದ್ಯಾಲಯ

1968ರ ಮೇ ತಿಂಗಳ ಪ್ಯಾರಿಸ್ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಸೊರ್ಬಾನ್ ವಿಶ್ವವಿದ್ಯಾಲಯದ ಸುತ್ತಲಿನ ಬೀದಿಗಳು, ಕಿತ್ತು ರಾಶಿ ಹಾಕಿದ ಹಾಸುಗಲ್ಲುಗಳು, ಅಶ್ರುವಾಯುವಿನ ಹೊಗೆ. ಆದರೆ ಆ ಬೆಂಕಿ ಹೊತ್ತಿಕೊಂಡದ್ದು ಅಲ್ಲಲ್ಲ. ನಗರದ ಪಶ್ಚಿಮಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಆಚೆ, ನಾಂತೇರ್ ಎಂಬ ಕಾರ್ಮಿಕರ ಉಪನಗರದಲ್ಲಿ. ಅಲ್ಲಿನ ಸರಕಾರಿ ವಿಶ್ವವಿದ್ಯಾಲಯದ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಆರಂಭಿಸುವುದು ವಿದ್ಯಾರ್ಥಿಗಳಿಂದ. ನಾವು ಅದರ ಗೋಡೆಯಾಚೆಗಿನ ನೆರೆಹೊರೆಯವರಿಂದ ಆರಂಭಿಸೋಣ. ಏಕೆಂದರೆ ಅವರು ವಿಶ್ವವಿದ್ಯಾಲಯಕ್ಕಿಂತ ಮೊದಲೇ ಅಲ್ಲಿದ್ದವರು.

ಎರಡನೇ ಮಹಾಯುದ್ಧದ ಬಳಿಕ ಫ್ರಾನ್ಸಿಗೆ ಕಟ್ಟಡಗಳು ಬೇಕಿದ್ದವು, ಕಾರುಗಳು ಬೇಕಿದ್ದವು, ಅವುಗಳನ್ನು ಮಾಡುವ ಅಗ್ಗದ ಕೈಗಳು ಬೇಕಿದ್ದವು. ಕೈಗಳು ಅಲ್ಜೀರಿಯಾದಿಂದ ಬಂದವು. ಆದರೆ ಕೈಗಳ ಜೊತೆಗೆ ಮನುಷ್ಯರೂ ಬರುತ್ತಾರೆ, ಅವರಿಗೆ ಮಲಗಲು ಜಾಗ ಬೇಕು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಾಂತೇರಿನ ಪಾಳು ಹೊಲಗಳಲ್ಲಿ ತಗಡು, ಹಲಗೆ, ಟಾರು ಕಾಗದಗಳ ಗುಡಿಸಲುಗಳು ಎದ್ದವು. ಫ್ರೆಂಚರು ಇವುಗಳನ್ನು 'ಬಿದೊನ್‌ವಿಲ್' ಎಂದು ಕರೆದರು; ಬಿದೊನ್ ಎಂದರೆ ಡಬ್ಬ, ಅಂದರೆ ಡಬ್ಬದ ಊರು. 1960ರ ಸುಮಾರಿಗೆ ನಾಂತೇರಿನ ಇಂಥ ಊರುಗಳಲ್ಲಿ ಸುಮಾರು 10 ಸಾವಿರ ಜನರಿದ್ದರು. ಎಲ್ಲಕ್ಕಿಂತ ದೊಡ್ಡದು ಲಾ ಫೋಲಿ. ಮಳೆ ಬಂದರೆ ಮೊಣಕಾಲವರೆಗೆ ಕೆಸರು, ಚಳಿಗಾಲದಲ್ಲಿ ಕಲ್ಲಿದ್ದಲ ಒಲೆಯಿಂದ ಬೆಂಕಿ ಬೀಳುವ ಭಯ, ನೀರಿಗೆ ದೂರದ ನಲ್ಲಿಯೇ ಗತಿ. ಮಗು ಹುಟ್ಟಿತೆಂದು ಗುಡಿಸಲಿಗೆ ಇನ್ನೊಂದು ಕೋಣೆ ಸೇರಿಸಿದರೆ ಪೊಲೀಸರ ವಿಶೇಷ ತಂಡ ಬಂದು ಕೆಡವುತ್ತಿತ್ತು. ಮೊನಿಕ್ ಎರ್ವೊ ಎಂಬ ಫ್ರೆಂಚ್ ಮಹಿಳೆ ಸ್ವಯಂಸೇವಕಿಯಾಗಿ ಬಂದವರು, ಈ ಜನರ ನಡುವೆಯೇ ಗುಡಿಸಲಲ್ಲಿ ಹನ್ನೆರಡು ವರ್ಷ ಬದುಕಿ ಎಲ್ಲವನ್ನೂ ಬರೆದಿಟ್ಟರು. ಅವರಿಲ್ಲದಿದ್ದರೆ ಇದರಲ್ಲಿ ಎಷ್ಟೋ ಸಂಗತಿಗಳು ನಮಗೆ ತಿಳಿಯುತ್ತಿರಲಿಲ್ಲ.

ಅಲ್ಜೀರಿಯಾದಲ್ಲಿ ಆಗ ಸ್ವಾತಂತ್ರ್ಯ ಯುದ್ಧ ನಡೆಯುತ್ತಿತ್ತು. 1961ರ ಅಕ್ಟೋಬರ್ 5ರಂದು ಪ್ಯಾರಿಸ್ ಪೊಲೀಸ್ ಮುಖ್ಯಸ್ಥ ಮಾರಿಸ್ ಪಾಪೋನ್, 'ಅಲ್ಜೀರಿಯಾದ ಫ್ರೆಂಚ್ ಮುಸ್ಲಿಮರು' ರಾತ್ರಿ ಹೊರಗೆ ಬರಕೂಡದೆಂದು ಆದೇಶ ಹೊರಡಿಸಿದ. ಕಾನೂನಿನ ಪುಸ್ತಕದಲ್ಲಿ ಅವರೂ ಫ್ರಾನ್ಸಿನ ಪ್ರಜೆಗಳೇ ಎಂಬುದನ್ನು ಇಲ್ಲಿ ಮರೆಯಬಾರದು. ಅಕ್ಟೋಬರ್ 17ರ ಸಂಜೆ ಇದನ್ನು ಪ್ರತಿಭಟಿಸಿ ಸಾವಿರಾರು ಜನ ಬೀದಿಗಿಳಿದರು. ನಾಂತೇರಿನ ಗುಡಿಸಲುಗಳಿಂದ ಹೆಂಗಸರು ಮಕ್ಕಳೂ ಸೇರಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ಬರಿಗೈಯಲ್ಲಿ ನೋಯೀ ಸೇತುವೆಯ ಕಡೆಗೆ ನಡೆದರು. ಪೊಲೀಸರು ಗುಂಡು ಹಾರಿಸಿದರು, ಲಾಠಿಯಿಂದ ಬಡಿದರು, ಜನರನ್ನು ಸೀನ್ ನದಿಗೆ ಎಸೆದರು. 11 ಸಾವಿರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಸರಕಾರ ಒಪ್ಪಿಕೊಂಡ ಸಾವುಗಳು ಬೆರಳೆಣಿಕೆಯಷ್ಟು. ಇತಿಹಾಸಕಾರರ ಅಂದಾಜು ಹಲವು ಹತ್ತುಗಳಿಂದ ಇನ್ನೂರರವರೆಗೂ ಹೋಗುತ್ತದೆ. ಆ ರಾತ್ರಿ ಎಲಿ ಕಗಾನ್ ಎಂಬ ಛಾಯಾಗ್ರಾಹಕ ಸ್ಕೂಟರ್ ಏರಿ ಪ್ಯಾರಿಸ್‌ನಿಂದ ನಾಂತೇರಿನವರೆಗೆ ಸುತ್ತಿ ಗಾಯಾಳುಗಳ ಚಿತ್ರ ತೆಗೆದರು. ಕಗಾನ್ ಯಹೂದಿ, ನಾಝಿಗಳ ಕಾಲದಲ್ಲಿ ಬಾಲಕನಾಗಿ ಅಡಗಿ ಬದುಕುಳಿದವರು. ಪಾಪೋನ್ ಅದೇ ಕಾಲದಲ್ಲಿ ಬೋರ್ದೋ ಪ್ರದೇಶದ ಯಹೂದಿಗಳನ್ನು ಗಡೀಪಾರು ಮಾಡುವುದರಲ್ಲಿ ಕೈಜೋಡಿಸಿದ್ದ ಅಧಿಕಾರಿ. ಆ ಅಪರಾಧಕ್ಕೆ 1998ರಲ್ಲಿ ಅವನಿಗೆ ಶಿಕ್ಷೆಯಾಯಿತು. ಅಕ್ಟೋಬರ್ 17ಕ್ಕಾಗಿ ಎಂದೂ ಆಗಲಿಲ್ಲ.

ಇದಾಗಿ ಮೂರು ವರ್ಷಕ್ಕೆ, 1964ರಲ್ಲಿ, ಲಾ ಫೋಲಿಯ ಪಕ್ಕದಲ್ಲಿ ಕಾಲೇಜು ತೆರೆಯಿತು. ಫ್ರಾನ್ಸಿನಲ್ಲಿ ವಿದ್ಯಾರ್ಥಿಗಳ ಸಂಖ್ಯೆ 1960ರಲ್ಲಿ ಸುಮಾರು 2 ಲಕ್ಷವಿದ್ದದ್ದು 1968ರ ಹೊತ್ತಿಗೆ 5 ಲಕ್ಷದ ಆಸುಪಾಸಿಗೆ ಏರಿತ್ತು. ಸೊರ್ಬಾನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾಂತೇರಿನಲ್ಲಿ ವಾಯುಪಡೆಯ ಹಳೆಯ ಜಾಗ ಖಾಲಿಯಿತ್ತು. ಅಲ್ಲಿ ಕಾಂಕ್ರೀಟಿನ ಉದ್ದುದ್ದ ಕಟ್ಟಡಗಳನ್ನು ಅವಸರದಲ್ಲಿ ಎಬ್ಬಿಸಲಾಯಿತು. ಮೊದಲ ವರ್ಷ ಸುಮಾರು ಎರಡು ಸಾವಿರವಿದ್ದ ವಿದ್ಯಾರ್ಥಿಗಳು ನಾಲ್ಕು ವರ್ಷಗಳೊಳಗೆ ಹನ್ನೆರಡು ಸಾವಿರದ ಹತ್ತಿರಕ್ಕೆ ಬಂದರು. ಪ್ಯಾರಿಸ್‌ನ ಪಶ್ಚಿಮದ ಶ್ರೀಮಂತ ಬಡಾವಣೆಗಳ ಹುಡುಗ ಹುಡುಗಿಯರು ರೈಲಿನಲ್ಲಿ ಬಂದು ಇಳಿಯುತ್ತಿದ್ದ ನಿಲ್ದಾಣದ ಹೆಸರೂ ಲಾ ಫೋಲಿ. ಫ್ರೆಂಚ್‌ನಲ್ಲಿ ಅದರ ಅರ್ಥ ಹುಚ್ಚು. ವಿಶ್ವವಿದ್ಯಾಲಯಕ್ಕೆ ಇದಕ್ಕಿಂತ ತಕ್ಕ ವಿಳಾಸ ಸಿಗಲಾರದು ಎಂದು ಅವರು ನಕ್ಕಿರಬಹುದು.

1968ರ ಜನವರಿಯಲ್ಲಿ ಯುವಜನ ಸಚಿವ ಫ್ರಾಂಸ್ವಾ ಮಿಸೋಫ್ ಅಲ್ಲಿನ ಹೊಸ ಈಜುಕೊಳವನ್ನು ನೋಡಲು ಬಂದರು. ಸಮಾಜಶಾಸ್ತ್ರದ ವಿದ್ಯಾರ್ಥಿ ದಾನಿಯೆಲ್ ಕಾನ್-ಬೆಂಡಿತ್ ಎದುರು ನಿಂತು, ಯುವಜನರ ಬಗ್ಗೆ ಸಚಿವರು ಹೊರಡಿಸಿದ ದಪ್ಪ ವರದಿಯಲ್ಲಿ ಯುವಕರ ಖಾಸಗಿ ಬದುಕಿನ ಸಮಸ್ಯೆಗಳೇ ಇಲ್ಲವಲ್ಲ ಎಂದು ಕೇಳಿದ. ಹಾಗಿದ್ದರೆ ಹೋಗಿ ನೀರಿಗೆ ಹಾರು ಎಂಬರ್ಥದ ಉತ್ತರ ಬಂತು. ಈ ಪ್ರಸಂಗ 1968ರ ಕುರಿತ ಪುಸ್ತಕಗಳಲ್ಲೆಲ್ಲ ಸ್ವಾರಸ್ಯಕರವಾಗಿ ಬರುತ್ತದೆ. ನಮಗೆ ಮಾತ್ರ ಅದನ್ನು ಓದುವಾಗ ನೆನಪಾಗುವುದು, ಅದೇ ಚಳಿಗಾಲದಲ್ಲಿ ಕೊಳದಿಂದ ಸ್ವಲ್ಪ ದೂರದಲ್ಲಿ ಡಬ್ಬ ಹಿಡಿದು ನೀರಿಗೆ ನಡೆಯುತ್ತಿದ್ದ ಹೆಂಗಸರು. ವರದಿಯಲ್ಲಿ ಇಲ್ಲದ ಸಮಸ್ಯೆಗಳ ಪಟ್ಟಿ ಇಬ್ಬರ ಮಾತಿಗಿಂತಲೂ ಉದ್ದವಿತ್ತು.

ಮಾರ್ಚ್ 22ರಂದು, ವಿಯೆಟ್ನಾಂ ಯುದ್ಧ ವಿರೋಧಿಸಿ ಬಂಧಿತರಾದವರ ಬಿಡುಗಡೆಗಾಗಿ 142 ವಿದ್ಯಾರ್ಥಿಗಳು ಆಡಳಿತ ಕಟ್ಟಡದ ಮೇಲಂತಸ್ತಿನ ಸಭಾಂಗಣವನ್ನು ಹಿಡಿದರು. ಮೇ 2ರಂದು ಡೀನ್ ಪಿಯೆರ್ ಗ್ರಪ್ಪಾಂ ಕಾಲೇಜು ಮುಚ್ಚಿಸಿದರು. ಮರುದಿನ ಜಗಳ ಸೊರ್ಬಾನಿಗೆ ದಾಟಿತು. ಉಳಿದದ್ದು ಎಲ್ಲರಿಗೂ ಗೊತ್ತಿರುವ ಕತೆ.

ಗೋಡೆಯಾಚೆಯ ಬದುಕನ್ನು ಕಂಡವರೇ ಇರಲಿಲ್ಲ ಎಂದರೆ ಅನ್ಯಾಯವಾದೀತು. ಅಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ಆನ್ರಿ ಲಫೆವ್ರ್, ಗುಡಿಸಲುಗಳ ನಡುವೆ ತಂದಿಟ್ಟ ಈ ಕ್ಯಾಂಪಸ್ಸಿನ ಬಗ್ಗೆ ಆಗಲೇ ಬರೆದರು. ನಗರದ ಮೇಲೆ ಅಲ್ಲಿ ಬದುಕುವವರಿಗೆಲ್ಲ ಹಕ್ಕಿದೆ ಎಂಬ ಅವರ ವಿಚಾರದ ಪುಸ್ತಕ ಬಂದದ್ದೂ 1968ರಲ್ಲೇ. ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕ ರೊಬೆರ್ ಮೆರ್ಲ್ ಮಾರ್ಚ್ 22ರ ಆ ಒಂದು ದಿನದ ಮೇಲೆ 1970ರಲ್ಲಿ ಕಾದಂಬರಿ ಪ್ರಕಟಿಸಿದರು. ಅದರ ಹೆಸರು 'ಗಾಜಿನ ಹಿಂದೆ' ಎಂಬರ್ಥದ್ದು. ವಿದ್ಯಾರ್ಥಿಗಳ ಜೊತೆ ಅದರಲ್ಲಿ, ಕ್ಯಾಂಪಸ್ಸಿನ ಕಟ್ಟಡ ಕೆಲಸ ಮಾಡುವ ಅಬ್ದುಲ್ ಅಝೀಝ್ ಎಂಬ ಅಲ್ಜೀರಿಯನ್ ಯುವಕನೂ ಇದ್ದಾನೆ. ಗಾಜಿನ ಒಳಗಿದ್ದವರು ಹೊರಗೆ ನೋಡಿದರು, ಆದರೆ ಗಾಜು ಹಾಗೆಯೇ ಇತ್ತು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಬಂಧನವೆಂದರೆ ಒಂದು ರಾತ್ರಿಯ ಠಾಣೆ. ವಲಸೆ ಕಾರ್ಮಿಕನಿಗೆ ಅದು ಗಡೀಪಾರು. ಆ ಬೇಸಿಗೆಯಲ್ಲಿ ಅನೇಕ ವಿದೇಶೀಯರನ್ನು ದೇಶದಿಂದ ಹೊರಹಾಕಲಾಯಿತು ಕೂಡ.

ಮುಂದಿನ ವರ್ಷಗಳು ವಿಶ್ವವಿದ್ಯಾಲಯಕ್ಕೂ ಸುಲಭವಾಗಿರಲಿಲ್ಲ. ಸೊರ್ಬಾನಿನ ಪ್ರತಿಷ್ಠೆ ಬಿಟ್ಟು ತಾವಾಗಿಯೇ ನಾಂತೇರಿಗೆ ಬಂದಿದ್ದ ದಾರ್ಶನಿಕ ಪಾಲ್ ರಿಕರ್ 1969ರಲ್ಲಿ ಡೀನ್ ಆದರು. ಮಾತುಕತೆಯಲ್ಲಿ ನಂಬಿಕೆಯಿಟ್ಟ ಆ ಮನುಷ್ಯನ ತಲೆಯ ಮೇಲೆ 1970ರ ಜನವರಿಯಲ್ಲಿ ಕಸದ ಬುಟ್ಟಿ ಬೋರಲು ಹಾಕಿದರು. ಪೊಲೀಸರು ಕ್ಯಾಂಪಸ್ಸಿಗೆ ನುಗ್ಗಿದ ಬಳಿಕ ಮಾರ್ಚ್‌ನಲ್ಲಿ ಅವರು ರಾಜೀನಾಮೆಯಿತ್ತರು.

ಗುಡಿಸಲುಗಳನ್ನು 1970ರ ದಶಕದ ಆರಂಭದಲ್ಲಿ ನೆಲಸಮ ಮಾಡಲಾಯಿತು. ಅಲ್ಲಿನವರಿಗೆಲ್ಲ ಕೂಡಲೇ ಮನೆ ಸಿಕ್ಕಿತೆಂದಲ್ಲ. ಎಷ್ಟೋ ಕುಟುಂಬಗಳನ್ನು 'ತಾತ್ಕಾಲಿಕ' ವಸತಿಗಳಿಗೆ ಕಳಿಸಿದರು, ಆ ತಾತ್ಕಾಲಿಕ 1980ರ ದಶಕದವರೆಗೂ ನಡೆಯಿತು. ಅದೇ ಹೊತ್ತಿಗೆ ಕಾಲೇಜು 'ಪ್ಯಾರಿಸ್ 10' ಎಂಬ ಸ್ವತಂತ್ರ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಇಂದು ಅದರ ಹೆಸರು 'ಪ್ಯಾರಿಸ್ ನಾಂತೇರ್', ವಿದ್ಯಾರ್ಥಿಗಳು 30 ಸಾವಿರಕ್ಕೂ ಮೇಲೆ. ಇಲ್ಲಿ ಕಾನೂನು ಓದಿದ ನಿಕೊಲಾ ಸರ್ಕೋಝಿ 2007ರ ಚುನಾವಣೆಯಲ್ಲಿ 1968ರ ಪರಂಪರೆಯನ್ನೇ ಮುಗಿಸಿಬಿಡಬೇಕೆಂದು ಭಾಷಣ ಮಾಡಿ ಗೆದ್ದರು! ಇಮ್ಯಾನುವೆಲ್ ಮ್ಯಾಕ್ರಾನ್ ತತ್ತ್ವಶಾಸ್ತ್ರ ಓದಿದ್ದೂ ಇಲ್ಲೇ. 2004ರ ಶಿರವಸ್ತ್ರ ನಿಷೇಧದ ಕಾನೂನು ಸರಕಾರಿ ಶಾಲೆಗಳಿಗಷ್ಟೇ ಅನ್ವಯಿಸುವುದರಿಂದ, ಶಾಲೆಯ ಬಾಗಿಲಲ್ಲಿ ಅದನ್ನು ಬಿಚ್ಚಿಡುತ್ತಿದ್ದ ಹುಡುಗಿ ಇಲ್ಲಿ ಅದನ್ನು ಧರಿಸಿಯೇ ತರಗತಿಯಲ್ಲಿ ಕೂರಬಹುದು.

ಅಕ್ಟೋಬರ್ 17ರ ಸತ್ಯ ಹೊರಬರಲು ಬಹುಕಾಲ ಹಿಡಿಯಿತು. ಜಾನ್-ಲುಕ್ ಎನೋದಿ 1991ರಲ್ಲಿ ಅದರ ಮೇಲೆ ಪುಸ್ತಕ ಬರೆದರು. ಮಾನನಷ್ಟದ ಮೊಕದ್ದಮೆ ಹೂಡಿದ ಪಾಪೋನ್ 1999ರಲ್ಲಿ ಸೋತ. 2011ರಲ್ಲಿ ನಾಂತೇರ್ ನಗರಸಭೆ ಒಂದು ರಸ್ತೆಗೆ ಆ ದಿನಾಂಕವನ್ನೇ ಹೆಸರಾಗಿ ಇಟ್ಟಿತು. 2024ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸಂಸತ್ತಿನ ಕೆಳಮನೆ ಹತ್ಯಾಕಾಂಡವನ್ನು ಖಂಡಿಸಿ ನಿರ್ಣಯ ಮಾಡಿತು. ಎಲಿ ಕಗಾನ್ ಅಂದು ತೆಗೆದ ಚಿತ್ರಗಳು ಇರುವುದು 'ಲಾ ಕಾಂತೆಂಪೊರೇನ್' ಎಂಬ ಗ್ರಂಥಾಲಯದಲ್ಲಿ. ಅದರ ಹೊಸ ಕಟ್ಟಡ 2021ರಲ್ಲಿ ತೆರೆದದ್ದು ನಾಂತೇರ್ ಕ್ಯಾಂಪಸ್ಸಿನ ಅಂಚಿನಲ್ಲೇ. ಲಾ ಫೋಲಿಯವರ ಮೊಮ್ಮಕ್ಕಳು ಬೇಕೆಂದರೆ ಹೋಗಿ ನೋಡಬಹುದು.

2023ರ ಜೂನ್ 27ರ ಬೆಳಿಗ್ಗೆ ನಾಂತೇರಿನ ನೆಲ್ಸನ್ ಮಂಡೇಲಾ ಚೌಕದಲ್ಲಿ, ಕಾರು ತಡೆದ ಪೊಲೀಸನೊಬ್ಬ ಅಲ್ಜೀರಿಯನ್ ಮೂಲದ 17 ವರ್ಷದ ಹುಡುಗನನ್ನು ಗುಂಡಿಟ್ಟು ಕೊಂದ. ಪೊಲೀಸರು ಮೊದಲು ಹೇಳಿದ್ದು, ಹುಡುಗ ಕಾರು ಹಾಯಿಸಲು ಬಂದನೆಂದು. ದಾರಿಹೋಕರೊಬ್ಬರ ಮೊಬೈಲ್ ದೃಶ್ಯ ಬೇರೆಯೇ ತೋರಿಸಿತು. ಆ ಚೌಕದ ಬಳಿಯ ನಿಲ್ದಾಣದಲ್ಲಿ ರೈಲು ಹತ್ತಿದರೆ, ಪ್ಯಾರಿಸ್‌ನಿಂದ ದೂರ ಹೋಗುವ ದಿಕ್ಕಿನಲ್ಲಿ, ಮುಂದಿನ ನಿಲ್ದಾಣವೇ ವಿಶ್ವವಿದ್ಯಾಲಯ.