ಶುಲ್ಕ, ಸಾಲ, ಸಂಬಳ: ಕರ್ನಾಟಕದ ಎಂಜಿನಿಯರಿಂಗ್ ಸೀಟುಗಳನ್ನು ಹೋಲಿಸುವ ಬಗೆ

2021-22ನೇ ಸಾಲಿನ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ, 18ರಿಂದ 23 ವರ್ಷದೊಳಗಿನ ಪ್ರತಿ ಒಂದು ಲಕ್ಷ ಜನರಿಗೆ ಕರ್ನಾಟಕದಲ್ಲಿ 66 ಕಾಲೇಜುಗಳಿವೆ. ದೇಶದ ಸರಾಸರಿ 30. ಇಷ್ಟು ಕಾಲೇಜುಗಳಿರುವಲ್ಲಿ ಆಯ್ಕೆ ಕಷ್ಟವಾಗುವುದು ಸಹಜ. ಪಿಯುಸಿ ಫಲಿತಾಂಶ ಬಂದ ವಾರದಿಂದ ಸಿಇಟಿ ಆಪ್ಷನ್ ಎಂಟ್ರಿಯ ಕೊನೆಯ ರಾತ್ರಿಯವರೆಗೂ ಮನೆಮನೆಗಳಲ್ಲಿ ಪಟ್ಟಿಗಳು ಕೈಯಿಂದ ಕೈಗೆ ದಾಟುತ್ತಿರುತ್ತವೆ. ಕಾಲೇಜಿನ ಹೆಸರು, ಅದರೆದುರು ಒಂದು ಶುಲ್ಕ, ಪಕ್ಕದಲ್ಲಿ ಒಂದು ಪ್ಯಾಕೇಜ್. ಇಂಥ ಪಟ್ಟಿ ನೋಡಿ ತೀರ್ಮಾನ ಮಾಡುವ ಕುಟುಂಬಗಳು ಮುಂದಿನ ಹತ್ತು ಹದಿನೈದು ವರ್ಷಗಳ ಆದಾಯವನ್ನು ಒತ್ತೆಯಿಡುತ್ತಿವೆ. ಹಾಗಾಗಿ ಈ ಪಟ್ಟಿಗಳ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ತಾಳ್ಮೆಯಿಂದ ನೋಡಬೇಕಾಗಿದೆ.

ಮೊದಲ ತಪ್ಪು ಹೋಲಿಕೆಯ ಘಟಕದಲ್ಲೇ ಇದೆ. ನಮ್ಮ ರಾಜ್ಯದಲ್ಲಿ ಖಾಸಗಿ ಎಂಜಿನಿಯರಿಂಗ್ ಕಾಲೇಜಿಗೆ ಒಂದೇ ಶುಲ್ಕ ಎಂಬುದಿಲ್ಲ. ಅಲ್ಪಸಂಖ್ಯಾತರದ್ದಲ್ಲದ ಖಾಸಗಿ ಅನುದಾನರಹಿತ ಕಾಲೇಜುಗಳಲ್ಲಿ ಸೀಟುಗಳು ಸ್ಥೂಲವಾಗಿ ಶೇ 45ರಷ್ಟು ಸಿಇಟಿಗೆ, ಶೇ 30ರಷ್ಟು ಕಾಮೆಡ್-ಕೆಗೆ, ಉಳಿದ ಶೇ 25ರಷ್ಟು ಆಡಳಿತ ಮಂಡಳಿ ಮತ್ತು ಅನಿವಾಸಿ ಭಾರತೀಯ ಕೋಟಾಕ್ಕೆ ಹಂಚಿಕೆಯಾಗುತ್ತವೆ. 2024-25ರಲ್ಲಿ ಸಿಇಟಿ ಸೀಟಿನ ವಾರ್ಷಿಕ ಶುಲ್ಕ ಕಾಲೇಜು ಆರಿಸಿಕೊಂಡ ಮಾದರಿಗೆ ತಕ್ಕಂತೆ 76,135 ರೂಪಾಯಿ ಇಲ್ಲವೇ 84,596 ರೂಪಾಯಿ ಇತ್ತು. ಕಾಮೆಡ್-ಕೆ ಸೀಟಿಗೆ 1,86,111 ಇಲ್ಲವೇ 2,61,477 ರೂಪಾಯಿ. ಅದೇ ಕೊಠಡಿ, ಅದೇ ಪ್ರಯೋಗಾಲಯ, ಅದೇ ಮೇಷ್ಟರು. ಆದರೂ ಯಾವ ಮಾದರಿ ಹಿಡಿದು ನೋಡಿದರೂ ಒಬ್ಬ ವಿದ್ಯಾರ್ಥಿ ಪಕ್ಕದವನಿಗಿಂತ ಎರಡು ಪಟ್ಟಿಗೂ ಹೆಚ್ಚು ಹಣ ಕಟ್ಟುತ್ತಿರುತ್ತಾನೆ. ಆಡಳಿತ ಮಂಡಳಿ ಕೋಟಾದ ದರ ಇದಕ್ಕೂ ಮೇಲೆ. ಇನ್ನೊಂದು ಕಡೆ ಎಸ್‌ಎನ್‌ಕ್ಯೂ ಎಂದು ಕರೆಯುವ ಹೆಚ್ಚುವರಿ ಸೀಟುಗಳಲ್ಲಿ ಬೋಧನಾ ಶುಲ್ಕವೇ ಮಾಫಿ. ಇವರೆಲ್ಲರೂ ಕೂರುವ ಒಂದೇ ತರಗತಿಗೆ ಒಂದು ಶುಲ್ಕ ಬರೆದರೆ ಅದು ಯಾರ ಶುಲ್ಕ?

ಈ ಶ್ರೇಣಿಗೆ ಇತಿಹಾಸವಿದೆ. 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ಬಂತು. ಅದರಡಿ 1989ರ ಜೂನ್‌ನಲ್ಲಿ ಹೊರಟ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರ ರಾಜ್ಯದವರಿಗೆ 60,000 ರೂಪಾಯಿ ಮಿತಿ ಹಾಕಿತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದ ತೀರ್ಪು 1992ರಲ್ಲಿ, ಉನ್ನಿಕೃಷ್ಣನ್ ಪ್ರಕರಣದ್ದು 1993ರಲ್ಲಿ ಬಂತು. 1994ರಲ್ಲಿ ಸಿಇಟಿ ಶುರುವಾಯಿತು. ಮುಂದೆ 2002ರ ಟಿ.ಎಂ.ಎ. ಪೈ ತೀರ್ಪು, 2003ರ ಇಸ್ಲಾಮಿಕ್ ಅಕಾಡೆಮಿ ತೀರ್ಪು, 2005ರ ಇನಾಂದಾರ್ ತೀರ್ಪುಗಳು ಶುಲ್ಕದ ಅಧಿಕಾರ ಯಾರದ್ದೆಂಬುದನ್ನು ಮತ್ತೆ ಮತ್ತೆ ಬದಲಿಸಿದವು. ವೃತ್ತಿಶಿಕ್ಷಣದ ಶುಲ್ಕದ ಬಗ್ಗೆ ದೇಶ ನಡೆಸಿದ ಈ ವ್ಯಾಜ್ಯಗಳಲ್ಲಿ ಬಹುಪಾಲು ಕರ್ನಾಟಕದ ನೆಲದಿಂದಲೇ ಹೊರಟವು. ಈಗ ನಡೆಯುತ್ತಿರುವುದು ಸರ್ಕಾರ ಮತ್ತು ಕಾಲೇಜುಗಳ ಒಕ್ಕೂಟದ ನಡುವೆ ಆಗುವ ಒಪ್ಪಂದದ ವ್ಯವಸ್ಥೆ. ಒಂದೇ ತರಗತಿಯಲ್ಲಿ ಹಲವು ಬೆಲೆ ಎಂಬ ತತ್ವ ಮಾತ್ರ 1989ರಿಂದ ಇಂದಿನವರೆಗೂ ಅಲುಗಾಡಿಲ್ಲ.

ಮೇಲಿನ ಮೊತ್ತಗಳೂ ಪೂರ್ಣ ವೆಚ್ಚವಲ್ಲ. ಸೀಟು ಹಂಚಿಕೆಯಾದ ಮೇಲೆ ಪರೀಕ್ಷಾ ಪ್ರಾಧಿಕಾರದಲ್ಲಿ ಕಟ್ಟುವ ಶುಲ್ಕ ಒಂದು. ಪ್ರವೇಶ ಪತ್ರ ಹಿಡಿದು ಕಾಲೇಜಿಗೆ ಹೋದಾಗ ವಿಶ್ವವಿದ್ಯಾಲಯದ ಶುಲ್ಕ, ಕೌಶಲ ತರಬೇತಿ, ಪ್ಲೇಸ್‌ಮೆಂಟ್ ತರಬೇತಿ ಎಂದು ಮತ್ತೊಂದು ರಸೀದಿ ಹರಿಯುತ್ತಾರೆ. ಅದರ ಮೇಲೆ ಹಾಸ್ಟೆಲ್ ಅಥವಾ ಪಿಜಿ, ಊಟ, ಬಸ್ಸು. ಸಿಂಧನೂರಿನಿಂದಲೋ ಹೊಸದುರ್ಗದಿಂದಲೋ ಬೆಂಗಳೂರಿಗೆ ಬಂದ ಸಿಇಟಿ ವಿದ್ಯಾರ್ಥಿಗೆ ಬೋಧನಾ ಶುಲ್ಕಕ್ಕಿಂತ ವಸತಿಯ ಖರ್ಚೇ ಜಾಸ್ತಿಯಾಗಬಹುದು. ಬೆಂಗಳೂರಿನ ಕಾಲೇಜು ಮತ್ತು ತನ್ನ ಜಿಲ್ಲೆಯ ಕಾಲೇಜು ಎರಡರಲ್ಲೂ ಶುಲ್ಕ ಸಮ ಎಂದು ನಂಬಿ ಆಪ್ಷನ್ ಹಾಕುವ ಹುಡುಗಿಗೆ ನಿಜವಾದ ವ್ಯತ್ಯಾಸ ಕಾಣುವುದು ಸೆಪ್ಟೆಂಬರ್ ತಿಂಗಳ ಪಿಜಿ ಬಾಡಿಗೆಯಲ್ಲಿ.

ಇನ್ನು ಸಾಲ. ಬ್ಯಾಂಕುಗಳು ಅನುಸರಿಸುವ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಎರಡು ಗೆರೆಗಳಿವೆ. 4 ಲಕ್ಷ ರೂಪಾಯಿವರೆಗೆ ಜಾಮೀನೂ ಬೇಡ, ಕೈಯಿಂದ ಹಾಕುವ ಪಾಲೂ ಬೇಡ. 7.5 ಲಕ್ಷ ದಾಟಿದರೆ ಆಸ್ತಿ ಅಡಮಾನ. ನಡುವಿನ ಮೊತ್ತಕ್ಕೆ ಮೊದಲು ಮೂರನೆಯವರ ಜಾಮೀನು ಕೇಳುತ್ತಿದ್ದರು. 2015ರಲ್ಲಿ ಬಂದ ಸಾಲ ಖಾತರಿ ನಿಧಿಯಿಂದ ಅದಕ್ಕೆ ಬಿಡುವು ಸಿಕ್ಕಿದೆ. ಶುಲ್ಕದ ಮೊತ್ತಗಳನ್ನು ಈ ಗೆರೆಗಳ ಪಕ್ಕದಲ್ಲಿಟ್ಟು ನೋಡಬೇಕು. ದರ ಏರದೆ ಹೋದರೆ ನಾಲ್ಕು ವರ್ಷಕ್ಕೆ ಸಿಇಟಿ ಸೀಟಿನ ಶುಲ್ಕ 3,04,540ರಿಂದ 3,38,384 ರೂಪಾಯಿ. ಮೊದಲ ಗೆರೆಯೊಳಗೇ ನಿಲ್ಲುತ್ತದೆ. ಕಾಮೆಡ್-ಕೆ ಸೀಟಿನದು ಕಡಿಮೆ ದರದಲ್ಲಿ 7,44,444, ಹೆಚ್ಚಿನ ದರದಲ್ಲಿ 10,45,908 ರೂಪಾಯಿ. ಮೊದಲನೆಯದು ಎರಡನೇ ಗೆರೆಯ ಅಂಚಿಗೆ ತಾಗಿ ನಿಂತಿದ್ದು ಹಾಸ್ಟೆಲ್ ಸೇರಿಸಿದ ಕೂಡಲೇ ದಾಟುತ್ತದೆ. ಎರಡನೆಯದು ಶುಲ್ಕದಲ್ಲೇ ದಾಟಿರುತ್ತದೆ. ಅಂದರೆ ಸಿಇಟಿಯಲ್ಲಿ ಕೆಲವು ಸಾವಿರ ರ್‍ಯಾಂಕ್ ಹಿಂದೆ ಬಿದ್ದದ್ದರಿಂದ ಮನೆಯ ಪಹಣಿ ಬ್ಯಾಂಕಿನ ಕಪಾಟಿಗೆ ಹೋಗುತ್ತದೆಯೇ ಇಲ್ಲವೇ ಎಂಬುದು ತೀರ್ಮಾನವಾಗುತ್ತದೆ.

ಕಂತಿನ ಲೆಕ್ಕ ಹಾಕೋಣ. ವಾರ್ಷಿಕ ಬಡ್ಡಿ ಶೇ 10 ಎಂದೂ, ಸಾಲ ನಾಲ್ಕು ಸಮ ಕಂತುಗಳಲ್ಲಿ ಬಿಡುಗಡೆಯಾಗುತ್ತದೆಂದೂ, ಓದು ಮತ್ತು ಅದರ ನಂತರದ ಒಂದು ವರ್ಷ ಸರಳ ಬಡ್ಡಿ ಕೂಡುತ್ತದೆಂದೂ ಇಟ್ಟುಕೊಳ್ಳೋಣ. 8 ಲಕ್ಷ ಪಡೆದವನ ಬಾಕಿ ಮರುಪಾವತಿ ಶುರುವಾಗುವ ದಿನಕ್ಕೆ 10.8 ಲಕ್ಷವಾಗಿರುತ್ತದೆ. ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 14,270 ರೂಪಾಯಿ. ಒಟ್ಟು ತೀರಿಸುವುದು 17 ಲಕ್ಷಕ್ಕೂ ಹೆಚ್ಚು. 3.2 ಲಕ್ಷ ಪಡೆದವಳ ಕಂತು ಸುಮಾರು 5,710 ರೂಪಾಯಿ. ಅವಳ ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದು ಕೇಂದ್ರದ ಬಡ್ಡಿ ಸಹಾಯಧನ ದೊರೆತರೆ 4,230ಕ್ಕೆ ಇಳಿಯುತ್ತದೆ. ಇಬ್ಬರಿಗೂ ಒಂದೇ ಐಟಿ ಕಂಪನಿಯಲ್ಲಿ ಕೆಲಸ ಸಿಕ್ಕಿ, ಕೈಗೆ ತಿಂಗಳಿಗೆ 25,000 ರೂಪಾಯಿ ಬರುತ್ತದೆ ಎನ್ನಿ. ಅವಳ ಬಳಿ ಕಂತು ಕಳೆದು 19,000ದಿಂದ 21,000 ರೂಪಾಯಿ ಉಳಿಯುತ್ತದೆ. ಅವನ ಬಳಿ ಉಳಿಯುವುದು 11,000ಕ್ಕೂ ಕಡಿಮೆ. ಕಾಲೇಜಿನ ಜಾಲತಾಣದಲ್ಲಿ ಇಬ್ಬರ ಪ್ಯಾಕೇಜೂ ಒಂದೇ. ಪದವಿಯ ಫಲ ಅಳೆಯುವವರು ಕಂತು ಕಳೆದು ಉಳಿಯುವ ಸಂಬಳವನ್ನು ಹಿಡಿಯಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ನೆರವಿನ ಯೋಜನೆಗಳು ಇಲ್ಲವೆಂದಲ್ಲ. ಸಿಇಟಿ ಮೂಲಕ ಸೀಟು ಪಡೆದ ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಆಯಾ ಅಭಿವೃದ್ಧಿ ನಿಗಮಗಳು ಕೊಡುವ ಅರಿವು ಸಾಲದ ಬಡ್ಡಿ ಶೇ 2 ಮಾತ್ರ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ 8 ಲಕ್ಷದವರೆಗೆ ಆದಾಯವಿರುವ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಶೇ 3ರ ಬಡ್ಡಿ ರಿಯಾಯಿತಿ ಕೊಡುತ್ತದೆ. ಆದರೆ ಅದು ದೇಶದ ಆಯ್ದ ಸಂಸ್ಥೆಗಳಿಗೆ ಸೀಮಿತ; ಶುರುವಿನಲ್ಲಿ ಅವು 860 ಇದ್ದವು. ಆ ಸಂಸ್ಥೆಗಳನ್ನು ಆರಿಸಿದ್ದು ಮುಖ್ಯವಾಗಿ ಎನ್‌ಐಆರ್‌ಎಫ್ ರ್‍ಯಾಂಕ್ ನೋಡಿ. ರ್‍ಯಾಂಕ್ ಇಲ್ಲದ ಜಿಲ್ಲಾ ಕೇಂದ್ರದ ಖಾಸಗಿ ಕಾಲೇಜಿನಲ್ಲಿ ಓದಿ, ಕ್ಯಾಂಪಸ್ ಸಂದರ್ಶನಕ್ಕೆ ನಾಲ್ಕಾರು ಕಂಪನಿಗಳನ್ನಷ್ಟೇ ಕಂಡವನಿಗೆ ಈ ರಿಯಾಯಿತಿ ತಲುಪುವುದಿಲ್ಲ. ಅಪಾಯ ಹೆಚ್ಚಿರುವ ಕಡೆ ಆಸರೆ ಕಡಿಮೆ. ಇದು ಯೋಜನೆಯ ವಿನ್ಯಾಸದಲ್ಲೇ ಇರುವ ದೋಷ.

ಅದೇ ಎನ್‌ಐಆರ್‌ಎಫ್, ಅಂದರೆ ರಾಷ್ಟ್ರೀಯ ಸಾಂಸ್ಥಿಕ ರ್‍ಯಾಂಕಿಂಗ್ ಚೌಕಟ್ಟಿಗೆ ಕಾಲೇಜುಗಳು ಸಲ್ಲಿಸುವ ದತ್ತಾಂಶ ಸದ್ಯ ನಮಗಿರುವ ಅತ್ಯುತ್ತಮ ಆಕರ. 2016ರಿಂದ ಪ್ರಕಟವಾಗುತ್ತಿರುವ ರ್‍ಯಾಂಕಿಗಿಂತ ಅದರ ಹಿಂದಿನ ಕೋಷ್ಟಕಗಳು ಹೆಚ್ಚು ಬೆಲೆಯುಳ್ಳವು. ಅವುಗಳಲ್ಲಿ ಒಂದು ಪ್ಲೇಸ್‌ಮೆಂಟ್ ಮತ್ತು ಉನ್ನತ ವ್ಯಾಸಂಗದ ಕೋಷ್ಟಕ. ಮೊದಲ ವರ್ಷಕ್ಕೆ ಇದ್ದ ಸೀಟುಗಳು, ದಾಖಲಾದವರು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರು, ನಿಗದಿತ ಅವಧಿಯಲ್ಲೇ ಪದವಿ ಮುಗಿಸಿದವರು, ಕೆಲಸ ಸಿಕ್ಕವರು, ಅವರ ಸಂಬಳದ ಮಧ್ಯಾಂಕ, ಉನ್ನತ ವ್ಯಾಸಂಗಕ್ಕೆ ಹೋದವರು ಎಂದು ಅದರ ಅಂಕಣಗಳು ಸಾಗುತ್ತವೆ. ಸಂಬಳವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿರುತ್ತಾರೆ. ಸಾಮಾನ್ಯವಾಗಿ ಎಲ್ಲರ ಕಣ್ಣು ಹೋಗುವುದು ಆ ಒಂದು ಅಂಕಣಕ್ಕೆ.

ಅಲ್ಲೇ ಎರಡನೇ ತಪ್ಪು ನುಸುಳುವುದು. ಆ ಮಧ್ಯಾಂಕ ಕೆಲಸ ಸಿಕ್ಕವರದ್ದು ಮಾತ್ರ. ಕೇವಲ ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ಒಂದು ಕಾಲೇಜನ್ನು ತೆಗೆದುಕೊಳ್ಳೋಣ. 240 ಜನ ಸೇರಿದರು, 190 ಜನ ಸಮಯಕ್ಕೆ ಸರಿಯಾಗಿ ಮುಗಿಸಿದರು, 120 ಜನರಿಗೆ ಕೆಲಸ ಸಿಕ್ಕಿತು, ಮಧ್ಯಾಂಕ 6 ಲಕ್ಷ. 6 ಲಕ್ಷ ಎಂಬುದು ಆ 120 ಜನರ ಸಾಲಿನ ನಡುವೆ, ಅಂದರೆ ಮೇಲಿನಿಂದ ಅರವತ್ತನೆಯ ಆಸುಪಾಸಿನಲ್ಲಿ ನಿಂತವನ ಸಂಬಳ. ಸಾಲಿನಲ್ಲಿ 190 ಪದವೀಧರರನ್ನೂ ನಿಲ್ಲಿಸಿದರೆ ನಡುವೆ ಬರುವವನು 95 ಅಥವಾ 96ನೆಯವನು. ಅವನು ಕೆಲಸ ಸಿಕ್ಕವರ ಪೈಕಿ ಕೆಳಗಿನ ಐದನೇ ಒಂದು ಭಾಗದ ಹತ್ತಿರದವನು. ಸೇರಿದ 240 ಜನರನ್ನೂ ನಿಲ್ಲಿಸಿದರೆ ನಡುವೆ ಸಿಗುವವನು 120ನೆಯವನು: ಕೆಲಸ ಸಿಕ್ಕವರಲ್ಲೇ ಅತಿ ಕಡಿಮೆ ಸಂಬಳದವನು. ಅವನ ನಂತರ ನಿಂತವನಿಗೆ ಕ್ಯಾಂಪಸ್‌ನಿಂದ ಏನೂ ಸಿಕ್ಕಿಲ್ಲ. ಉನ್ನತ ವ್ಯಾಸಂಗಕ್ಕೆ ಹೋದವರನ್ನು ಬೇರೆ ತೆಗೆದು, ಡಿಪ್ಲೊಮಾದಿಂದ ಬಂದವರನ್ನು ಸೇರಿಸಿ ಈ ಲೆಕ್ಕವನ್ನು ತಿದ್ದಬೇಕು. ತಿದ್ದಿದರೂ ದಿಕ್ಕು ಬದಲಾಗದು. ಹದಿನೆಂಟು ವರ್ಷದ ಹುಡುಗ ಸೇರುವುದು 240 ಜನರ ಗುಂಪಿಗೆ. 120 ಜನರ ಗುಂಪಿನಲ್ಲಿ ತಾನಿರುತ್ತೇನೆಂಬ ಭರವಸೆ ಅವನಿಗೆ ಪ್ರವೇಶದ ದಿನ ಯಾರೂ ಕೊಡಲಾರರು. ಆದ್ದರಿಂದ ಛೇದದಲ್ಲಿ ದಾಖಲಾದವರೇ ಇರಬೇಕು.

ಈ ದತ್ತಾಂಶ ಕಾಲೇಜುಗಳೇ ಕೊಟ್ಟದ್ದು ಎಂಬ ಎಚ್ಚರವೂ ಬೇಕು. ಅದರಲ್ಲಿ ರಾಜ್ಯದೊಳಗಿನ ಮತ್ತು ಹೊರಗಿನ ವಿದ್ಯಾರ್ಥಿಗಳ ಸಂಖ್ಯೆ, ಪೂರ್ಣ ಬೋಧನಾ ಶುಲ್ಕ ಮರುಪಾವತಿ ಪಡೆದವರ ಮತ್ತು ಪಡೆಯದವರ ಸಂಖ್ಯೆ ಇವೆ. ಸಾಲ ಮಾಡಿದವರ ಸಂಖ್ಯೆ ಇಲ್ಲ. ಸೀಟಿನ ಬಗೆಗೆ ತಕ್ಕಂತೆ ಕೆಲಸದ ವಿವರವೂ ಇಲ್ಲ.

ಸಾಲದ ಲೆಕ್ಕ ಇರುವುದು ಬೇರೊಂದು ಕಡೆ. ಕೆನರಾ ಬ್ಯಾಂಕ್ ಸಂಚಾಲಕತ್ವದ ರಾಜ್ಯ ಮಟ್ಟದ ಬ್ಯಾಂಕರ್‌ಗಳ ಸಮಿತಿಯ ಕಡತಗಳಲ್ಲಿ ಶಿಕ್ಷಣ ಸಾಲದ ಅಂಕಿಗಳು ಬ್ಯಾಂಕುವಾರು ಸಿಗುತ್ತವೆ, ಕಾಲೇಜುವಾರು ಸಿಗುವುದಿಲ್ಲ. ಒಡವೆ ಅಡವಿಟ್ಟು ತಂದ ಹಣ, ಚೀಟಿ ಎತ್ತಿ ಕಟ್ಟಿದ ಶುಲ್ಕ, ಅಡಿಕೆ ಮಂಡಿಯಲ್ಲಿ ಪಡೆದ ಮುಂಗಡ ಇವು ಯಾವ ಶಿಕ್ಷಣ ಸಾಲದ ಕಡತಕ್ಕೂ ಬರುವುದಿಲ್ಲ. ಹಾಗಾಗಿ ಬ್ಯಾಂಕಿನ ಅಂಕಿಗಳಷ್ಟನ್ನೇ ನಂಬಿ ರಾಜ್ಯದ ವಿದ್ಯಾರ್ಥಿ ಸಾಲ ಇಷ್ಟು ಎಂದು ಹೇಳುವ ಯಾವುದೇ ಅಧ್ಯಯನ ವಾಸ್ತವಕ್ಕಿಂತ ಕಡಿಮೆಯನ್ನೇ ಹೇಳುತ್ತದೆ.

ಬಿಎ, ಬಿಕಾಂ, ಬಿಎಸ್ಸಿಗಳ ಮಾತು ಇನ್ನೂ ಮಸುಕು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಶುಲ್ಕ ಕಡಿಮೆ, ಸಾಲವೂ ಕಡಿಮೆ. ಓದಿದವರು ಮುಂದೇನಾದರು ಎಂಬ ದಾಖಲೆಯೇ ವಿರಳ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆ ಇಲ್ಲಿ ಒಂದು ಬಾಗಿಲು ತೆರೆದಿದೆ. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಹಣ ನೇರ ಖಾತೆಗೆ ಹೋಗುವುದರಿಂದ, ಯಾವ ಪದವಿಯವರು ಎಷ್ಟು ತಿಂಗಳು ಈ ಭತ್ಯೆ ಪಡೆದರು ಎಂಬ ವಿವರ ಸರ್ಕಾರದ ಕೈಯಲ್ಲೇ ಇದೆ. ನಿರುದ್ಯೋಗವನ್ನು ಅವರವರೇ ಘೋಷಿಸಿಕೊಳ್ಳಬೇಕಾದ್ದರಿಂದ ಆ ಪಟ್ಟಿ ಅಪೂರ್ಣ. ಆದರೂ ಪದವಿವಾರು ನಿರುದ್ಯೋಗದ ಬಗ್ಗೆ ರಾಜ್ಯದ ಬಳಿ ಹಿಂದೆಂದೂ ಇಲ್ಲದಷ್ಟು ಮಾಹಿತಿ ಈಗಿದೆ.

ಶುಲ್ಕ, ಸಾಲ, ಸಂಬಳಗಳ ಕಡತಗಳನ್ನು ಜೋಡಿಸುವುದು ಅಸಾಧ್ಯವಲ್ಲ. ಅಮೆರಿಕದ ಶಿಕ್ಷಣ ಇಲಾಖೆ 2015ರಿಂದ ಕಾಲೇಜ್ ಸ್ಕೋರ್‌ಕಾರ್ಡ್ ಎಂಬ ಹೆಸರಿನಲ್ಲಿ ಪ್ರತಿ ಕಾಲೇಜಿನ ವಾರ್ಷಿಕ ವೆಚ್ಚ, ಓದಿದವರ ಸಾಲದ ಮಧ್ಯಾಂಕ ಮತ್ತು ಗಳಿಕೆಯ ಮಧ್ಯಾಂಕವನ್ನು ಪ್ರಕಟಿಸುತ್ತಿದೆ. ಅಲ್ಲಿ ಗಳಿಕೆಯ ಅಂಕಿ ತೆರಿಗೆ ದಾಖಲೆಗಳಿಂದ ಬರುತ್ತದೆ, ಕಾಲೇಜಿನ ಹೇಳಿಕೆಯಿಂದಲ್ಲ. ಯಾವ ವಿದ್ಯಾರ್ಥಿಯ ಹೆಸರೂ ಹೊರಬೀಳುವುದಿಲ್ಲ. ಒಕ್ಕೂಟ ಸರ್ಕಾರದ ನೆರವು ಪಡೆದವರು ಮಾತ್ರ ಅದರ ಗಳಿಕೆಯ ಲೆಕ್ಕಕ್ಕೆ ಬರುತ್ತಾರೆ ಎಂಬ ಕೊರತೆ ಇದ್ದರೂ ಸಾಲವನ್ನೂ ಸಂಬಳವನ್ನೂ ಒಂದೇ ಪುಟದಲ್ಲಿ ತೋರಿಸುವ ಕೆಲಸ ಅದು ಮಾಡಿದೆ.

ಕರ್ನಾಟಕದಲ್ಲಿ ಸೀಟು ಮತ್ತು ಶುಲ್ಕದ ದಾಖಲೆ ಪರೀಕ್ಷಾ ಪ್ರಾಧಿಕಾರದಲ್ಲಿದೆ, ವಿದ್ಯಾರ್ಥಿವೇತನದ ದಾಖಲೆ ರಾಜ್ಯದ ಪೋರ್ಟಲ್‌ನಲ್ಲಿದೆ, ಫಲಿತಾಂಶ ವಿಶ್ವವಿದ್ಯಾಲಯಗಳಲ್ಲಿದೆ. ಇವನ್ನು ಸೀಟಿನ ಬಗೆಗೆ ತಕ್ಕಂತೆ ಜೋಡಿಸಿ, ಅಣಕು ಸೀಟು ಹಂಚಿಕೆಗೆ ಮೊದಲೇ ಪ್ರತಿ ಕಾಲೇಜಿನ ಹೆಸರಿನ ಮುಂದೆ ದಾಖಲಾದವರು, ಮುಗಿಸಿದವರು, ಕೆಲಸ ಸಿಕ್ಕವರು ಎಷ್ಟೆಂದು ಪ್ರಕಟಿಸಬೇಕೆಂದು ಪ್ರಾಧಿಕಾರವನ್ನೂ ಉನ್ನತ ಶಿಕ್ಷಣ ಇಲಾಖೆಯನ್ನೂ ಒತ್ತಾಯಿಸುತ್ತೇನೆ. ಅಲ್ಲಿಯವರೆಗೆ ತಂದೆತಾಯಂದಿರಲ್ಲಿ ನನ್ನ ವಿನಂತಿ ಇದು: ಆಪ್ಷನ್ ಎಂಟ್ರಿಗೆ ಕೂರುವ ಮುನ್ನ ಆ ಕಾಲೇಜಿನ ಎನ್‌ಐಆರ್‌ಎಫ್ ಕೋಷ್ಟಕವನ್ನು ತೆರೆದು, ಕೆಲಸ ಸಿಕ್ಕವರ ಸಂಖ್ಯೆಯನ್ನು ದಾಖಲಾದವರ ಸಂಖ್ಯೆಯಿಂದ ಭಾಗಿಸಿ ನೋಡಿ. ಕೋಷ್ಟಕವೇ ಇಲ್ಲದ ಕಾಲೇಜಿನಲ್ಲಿ ಪ್ರವೇಶದ ಹಣ ಕಟ್ಟುವ ಮೊದಲು ಆ ಎರಡು ಸಂಖ್ಯೆಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ.